‘ಏನೂ ಇಲ್ಲ’ ಎನ್ನುವ ಜಾಣ್ಮೆ

2018ರ ಅಖಿಲ ಭಾರತ ಹುಲಿ ಅಂದಾಜಿಗಾಗಿ ದೇಶದ ಕಾಡುಗಳ 26,838 ಜಾಗಗಳಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳನ್ನು ಕಟ್ಟಿದ್ದರು. ಕಾಡುದಾರಿಯ ಪಕ್ಕದ ಮರಕ್ಕೆ ಬಿಗಿದ ಈ ಪುಟ್ಟ ಪೆಟ್ಟಿಗೆಗಳು, ಎದುರಿಗೆ ಏನಾದರೂ ಹಾದುಹೋದರೆ ತಾವಾಗಿಯೇ ಚಿತ್ರ ತೆಗೆಯುತ್ತವೆ. ಕೆಲಸ ಮುಗಿದಾಗ ಕೂಡಿದ್ದ ಚಿತ್ರಗಳು 3,48,58,623. ಅವುಗಳಲ್ಲಿ ಹುಲಿ ಇದ್ದದ್ದು 76,651ರಲ್ಲಿ, ಚಿರತೆ ಇದ್ದದ್ದು 51,777ರಲ್ಲಿ. ಲೆಕ್ಕ ಹಾಕಿದರೆ ಸುಮಾರು 455 ಚಿತ್ರಕ್ಕೊಂದು ಹುಲಿ.

ಆಫ್ರಿಕಾದ ಸೆರೆಂಗೆಟಿಯಲ್ಲಿ 2010ರಿಂದ 2013ರವರೆಗೆ ನಡೆದ ಅಧ್ಯಯನದ ಲೆಕ್ಕ ಇನ್ನೂ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ 1,125 ಚದರ ಕಿಲೋಮೀಟರಿನಲ್ಲಿ 225 ಕ್ಯಾಮೆರಾಗಳನ್ನು ಇಟ್ಟಿದ್ದರು. ಅವು ತೆಗೆದ 12 ಲಕ್ಷ ಚಿತ್ರಗುಚ್ಛಗಳಲ್ಲಿ ಪ್ರಾಣಿ ಕಂಡದ್ದು ಸುಮಾರು 3.22 ಲಕ್ಷದಲ್ಲಿ ಮಾತ್ರ. ಉಳಿದ ಮುಕ್ಕಾಲು ಪಾಲಿನಲ್ಲಿ ಪ್ರಾಣಿಯೇ ಇರಲಿಲ್ಲ. ಬಿಸಿಲಿಗೆ ಕಾದು ಗಾಳಿಗೆ ತೂಗಿದ ಹುಲ್ಲೇ ಕ್ಯಾಮೆರಾವನ್ನು ಮತ್ತೆ ಮತ್ತೆ ಎಬ್ಬಿಸಿತ್ತು.

ಗಣತಿಗೆ ಇದರಿಂದ ತೊಂದರೆಯಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಒಂದೊಂದು ಹುಲಿಯನ್ನೂ ಅದರ ಪಟ್ಟೆಗಳಿಂದ ಗುರುತಿಸಿ, ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ರೂಪಿಸಿದರು. 1995ರಲ್ಲಿ ಅದನ್ನು ಪ್ರಕಟಿಸಿದರು. ಇಂಥ ಗಣತಿಯಲ್ಲಿ ಖಾಲಿ ಚಿತ್ರಗಳನ್ನು ಆಮೇಲೆ ಸೋಸಬಹುದು, ಚಿತ್ರ ಕೈಗೆ ಬರುವುದು ವಾರ ತಡವಾದರೂ ನಡೆಯುತ್ತದೆ. ಆದರೆ ಪ್ರಶ್ನೆ ಬೇರೆಯಾದಾಗ ಎಲ್ಲವೂ ಬದಲಾಗುತ್ತದೆ. ಹುಲಿ ಈಗ ಊರಿನ ಕಡೆಗೆ ಹೊರಟಿದೆಯೇ? ಆನೆ ಈಗ ರೈಲು ಹಳಿ ದಾಟುತ್ತಿದೆಯೇ? ಬಂದೂಕು ಹಿಡಿದವನು ಈಗ ಕಾಡಿನೊಳಕ್ಕೆ ಕಾಲಿಟ್ಟನೇ? ಇಂಥ ಪ್ರಶ್ನೆಗೆ ಮೂರು ವಾರದ ಮೇಲೆ ಮೆಮೊರಿ ಕಾರ್ಡಿನಲ್ಲಿ ಸಿಗುವ ಉತ್ತರ ಯಾರನ್ನೂ ಉಳಿಸುವುದಿಲ್ಲ. ಕ್ಯಾಮೆರಾ ತಾನೇ ನೋಡಬೇಕು, ತಾನೇ ತೀರ್ಮಾನಿಸಬೇಕು, ತಕ್ಷಣ ತಿಳಿಸಬೇಕು. ಅದೂ ಕರೆಂಟಿಲ್ಲದ, ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು ಎನ್ನುವಂಥ ಜಾಗದಲ್ಲಿ.

ಇಂಥ ಸಾಧನಗಳ ಒಳಗೆ ಓಡುವ ಅಲ್ಗಾರಿದಮ್‌ಗಳು ಈ ಅಧ್ಯಾಯದ ವಸ್ತು. ಹುಲಿಯನ್ನು ಹುಲಿಯೆಂದು ಗುರುತಿಸುವುದು ಅವುಗಳ ಕೆಲಸದ ಸಣ್ಣ ಭಾಗ. ದಿನದ ಬಹುಪಾಲು ಅವುಗಳ ಮುಂದೆ ಏನೂ ಇರುವುದಿಲ್ಲ. ಆ ‘ಏನೂ ಇಲ್ಲ’ವನ್ನು ಎಷ್ಟು ಕಡಿಮೆ ಖರ್ಚಿನಲ್ಲಿ ಹೇಳಬಹುದು ಎಂಬ ಒಂದೇ ಪ್ರಶ್ನೆಯ ಸುತ್ತ ಈ ಶಾಸ್ತ್ರವೆಲ್ಲ ಬೆಳೆದಿದೆ.

ಶಕ್ತಿಯ ಜಮಾಖರ್ಚು

ಮೊದಲು ಬ್ಯಾಟರಿಯ ಲೆಕ್ಕ ನೋಡೋಣ. ಗೋಡೆ ಗಡಿಯಾರಕ್ಕೆ ಹಾಕುವಂಥ ಒಳ್ಳೆಯ ಎಎ ಪೆನ್ಸಿಲ್ ಸೆಲ್ಲೊಂದರ ಸಾಮರ್ಥ್ಯ ಸುಮಾರು 2,500 ಮಿಲಿಆಂಪಿಯರ್-ಗಂಟೆ, ವೋಲ್ಟೇಜು 1.5. ಎರಡನ್ನೂ ಗುಣಿಸಿ, ಗಂಟೆಯನ್ನು ಸೆಕೆಂಡಿಗೆ ಬದಲಿಸಿದರೆ 13,500 ಜೂಲ್ ಆಗುತ್ತದೆ. ನಾಲ್ಕು ಸೆಲ್ಲಿನಲ್ಲಿ 54,000 ಜೂಲ್. ಕ್ಯಾಮೆರಾವೂ ಪ್ರೊಸೆಸರೂ ಸೇರಿ ಒಂದು ವ್ಯಾಟ್ ಬಳಸುತ್ತ ಎಡೆಬಿಡದೆ ದುಡಿದರೆ ಈ ಶಕ್ತಿ 15 ಗಂಟೆಯಲ್ಲಿ ಮುಗಿಯುತ್ತದೆ. ಸಂಜೆ ಕಟ್ಟಿ ಬಂದ ಕ್ಯಾಮೆರಾ ಮರುದಿನ ಬೆಳಿಗ್ಗೆ ಹೊತ್ತೇರುವುದರೊಳಗೆ ಸತ್ತಿರುತ್ತದೆ.

ನಮಗೆ ಬೇಕಾದದ್ದು ಒಂದು ವರ್ಷ. ವರ್ಷಕ್ಕೆ ಸುಮಾರು 3.15 ಕೋಟಿ ಸೆಕೆಂಡುಗಳು. ಅಷ್ಟಕ್ಕೂ 54,000 ಜೂಲನ್ನು ಹಂಚಿದರೆ ಸರಾಸರಿ 1.7 ಮಿಲಿವ್ಯಾಟ್ ಸಿಗುತ್ತದೆ. ಇರುವುದಕ್ಕೂ ಬೇಕಾದದ್ದಕ್ಕೂ ನಡುವೆ ಹತ್ತಿರ ಹತ್ತಿರ 600 ಪಟ್ಟು ಅಂತರ. ಬ್ಯಾಟರಿ ದೊಡ್ಡದು ಮಾಡಿದರೆ ಸ್ವಲ್ಪ ತುಂಬೀತು. ಸೌರಫಲಕ ಸಿಕ್ಕಿಸಿದರೆ ಇನ್ನೂ ಸ್ವಲ್ಪ. ಆದರೆ ದಟ್ಟ ಕಾಡಿನ ಕೆಳಗೆ ಬಿಸಿಲು ಬೀಳುವುದಿಲ್ಲ, ಹೊಳೆಯುವ ಫಲಕ ಕಳ್ಳರ ಕಣ್ಣಿಗೂ ಬೀಳುತ್ತದೆ. ಉಳಿದ ಅಂತರವನ್ನು ಅಲ್ಗಾರಿದಮ್ಮೇ ತುಂಬಬೇಕು.

ಒಂದು ವ್ಯಾಟಿನ ಈ ಯಂತ್ರ ಹತ್ತು ನಿಮಿಷಕ್ಕೆ ಒಂದೇ ಸೆಕೆಂಡು ಎದ್ದು ಉಳಿದ ಹೊತ್ತು ಮಲಗಿದರೆ ಸರಾಸರಿ ಬಳಕೆ ಸುಮಾರು 1.7 ಮಿಲಿವ್ಯಾಟಿಗೆ ಇಳಿಯುತ್ತದೆ. ಲೆಕ್ಕಕ್ಕೆ ಇದು ಸರಿ. ಆದರೆ ಹುಲಿ ಹತ್ತು ನಿಮಿಷಕ್ಕೊಮ್ಮೆ ವೇಳಾಪಟ್ಟಿ ನೋಡಿ ಬರುವುದಿಲ್ಲ. ಆದ್ದರಿಂದ ಪ್ರಶ್ನೆ ಹೀಗಾಗುತ್ತದೆ: ಮಲಗಿದ್ದನ್ನು ಸರಿಯಾದ ಹೊತ್ತಿಗೆ ಎಬ್ಬಿಸುವವರು ಯಾರು?

ಕಾಡಂಚಿನ ಊರುಗಳಲ್ಲಿ ರಾಗಿ ಹೊಲ ಕಾಯಲು ಮರದ ಮೇಲಿನ ಅಟ್ಟಣೆಯಲ್ಲಿ ರಾತ್ರಿ ಕಳೆಯುವ ರೈತನಿಗೆ ಇದರ ಉತ್ತರ ಗೊತ್ತು. ಅವನು ರಾತ್ರಿಯಿಡೀ ಟಾರ್ಚ್ ಹಾಕಿಕೊಂಡು ಕೂರುವುದಿಲ್ಲ. ಕಿವಿಯನ್ನು ಎಚ್ಚರವಿಟ್ಟು ಮೈಯನ್ನು ಮಲಗಿಸುತ್ತಾನೆ. ಸೊಪ್ಪು ಮುರಿದ ಸದ್ದಾದರೆ ತಲೆ ಎತ್ತುತ್ತಾನೆ, ಸದ್ದು ಮುಂದುವರಿದರೆ ಟಾರ್ಚ್ ಬಿಡುತ್ತಾನೆ, ಆನೆ ಕಂಡರೆ ಮಾತ್ರ ಕೂಗು ಹಾಕಿ ಪಕ್ಕದ ಹೊಲದವರನ್ನು ಎಬ್ಬಿಸುತ್ತಾನೆ. ಕಡಿಮೆ ಖರ್ಚಿನ ಅನುಮಾನ ಮೊದಲು, ಹೆಚ್ಚು ಖರ್ಚಿನ ಖಾತರಿ ಆಮೇಲೆ. ಇಂದಿನ ಕಡಿಮೆ ವಿದ್ಯುತ್ತಿನ ಪತ್ತೆ ಸಾಧನಗಳೆಲ್ಲ ಕಟ್ಟಲ್ಪಟ್ಟಿರುವುದು ಈ ಮೆಟ್ಟಿಲುಗಳ ಮೇಲೆಯೇ.

ಮೊದಲ ಮೆಟ್ಟಿಲು: ಶಾಖ ಸರಿದಾಡಿತೇ?

ಹೋಟೆಲಿನ ಓಣಿಯಲ್ಲಿ ನಾವು ಕಾಲಿಟ್ಟೊಡನೆ ತಾನಾಗಿ ಹತ್ತುವ ದೀಪದೊಳಗೂ ಕ್ಯಾಮೆರಾ ಟ್ರ್ಯಾಪಿನೊಳಗೂ ಇರುವುದು ಒಂದೇ ಬಗೆಯ ಸಂವೇದಕ. ಪಿಐಆರ್ ಸೆನ್ಸರ್ ಎಂದು ಕರೆಯುತ್ತಾರೆ. ಬಿಸಿಯಿರುವ ಪ್ರತಿ ವಸ್ತುವೂ ಅವಗೆಂಪು ಕಿರಣ ಸೂಸುತ್ತದೆ. ಪ್ರಾಣಿಯ ಮೈ ಬಿಸಿಗೆ ಈ ಸೂಸುವಿಕೆ 10 ಮೈಕ್ರೋಮೀಟರ್ ಆಸುಪಾಸಿನ ತರಂಗಗಳಲ್ಲಿ ಅತಿ ಹೆಚ್ಚು. ಕೆಲವು ಹರಳುಗಳಿಗೆ ಇಂಥ ಕಿರಣ ಬಿದ್ದು ಅವುಗಳ ಉಷ್ಣತೆ ಬದಲಾದಾಗ ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ಹುಟ್ಟುತ್ತದೆ. ಉಷ್ಣತೆ ಎಷ್ಟಿದೆ ಎಂಬುದು ಇವಕ್ಕೆ ತಿಳಿಯದು. ಬದಲಾಯಿತೇ ಎಂಬುದಷ್ಟೇ ತಿಳಿಯುತ್ತದೆ.

ಅದರ ರಚನೆಯಲ್ಲೊಂದು ಸೊಗಸಾದ ಉಪಾಯವಿದೆ. ಸೆನ್ಸರಿನೊಳಗೆ ಎರಡು ಹರಳಿನ ತುಣುಕುಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಸಂಕೇತ ಇನ್ನೊಂದನ್ನು ಕಳೆಯುವಂತೆ ಜೋಡಿಸಿರುತ್ತಾರೆ. ಸೂರ್ಯ ಮೇಲೇರಿ ಇಡೀ ಕಾಡು ಬಿಸಿಯಾದರೆ ಎರಡರ ಮೇಲೂ ಒಂದೇ ಪರಿಣಾಮ; ಕಳೆದರೆ ಸೊನ್ನೆ. ಬಿಸಿ ಮೈಯೊಂದು ಎಡದಿಂದ ಬಲಕ್ಕೆ ಸರಿದರೆ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಶಾಖ ತಟ್ಟುತ್ತದೆ. ಸಂಕೇತ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಒಂದೇ ಒಂದು ಕಳೆಯುವ ಲೆಕ್ಕ, ಅದನ್ನೂ ಹರಳೇ ಮಾಡಿಬಿಡುತ್ತದೆ. ಇದಕ್ಕೆ ಮೈಕ್ರೋಆಂಪಿಯರುಗಳಷ್ಟು ವಿದ್ಯುತ್ತು ಸಾಕು.

ಈ ಸರಳತೆಗೆ ತೆರುವ ಬೆಲೆಯೂ ಇದೆ. ಬೇಸಿಗೆಯ ಮಧ್ಯಾಹ್ನ ನೆಲದ ಬಿಸಿಯೂ ಪ್ರಾಣಿಯ ಮೈ ಬಿಸಿಯೂ ಹತ್ತಿರ ಬಂದಾಗ ಎದುರಿಗೆ ಜಿಂಕೆ ಹಾದರೂ ಸೆನ್ಸರಿಗೆ ಗೊತ್ತಾಗದಿರಬಹುದು. ನೇರವಾಗಿ ಕ್ಯಾಮೆರಾದತ್ತ ನಡೆದುಬರುವ ಪ್ರಾಣಿ, ಅಡ್ಡ ಹಾಯುವ ಪ್ರಾಣಿಯಷ್ಟು ಚೆನ್ನಾಗಿ ಸಿಗುವುದಿಲ್ಲ. ಬಿಸಿಲಿಗೆ ಕಾದ ಎಲೆ ಗಾಳಿಗೆ ತೂಗಿದರೆ ಸೆನ್ಸರಿಗೆ ಅದೂ ಒಂದು ಪ್ರಾಣಿಯೇ. ಸೆರೆಂಗೆಟಿಯ ಖಾಲಿ ಚಿತ್ರಗಳು ಹುಟ್ಟಿದ್ದು ಹೀಗೆ. ಆದ್ದರಿಂದ ಇದರ ಮಾತನ್ನೇ ಕೊನೆಯ ಮಾತೆಂದು ನಂಬಲಾಗದು. ಮುಂದಿನ ಮೆಟ್ಟಿಲನ್ನು ಎಬ್ಬಿಸುವುದಷ್ಟೇ ಇದರ ಕೆಲಸ.

ಎರಡನೆಯ ಮೆಟ್ಟಿಲು: ಚಿತ್ರ ಬದಲಾಯಿತೇ?

ಈಗ ಕ್ಯಾಮೆರಾ ಕಣ್ಣು ತೆರೆಯುತ್ತದೆ. ಅದಕ್ಕೆ ಕಾಣುವುದು ಸಂಖ್ಯೆಗಳು. ಅಗಲದಲ್ಲಿ 640, ಎತ್ತರದಲ್ಲಿ 480 ಚುಕ್ಕಿಗಳಿರುವ ಸಾಧಾರಣ ಚಿತ್ರದಲ್ಲಿ 3,07,200 ಪಿಕ್ಸೆಲ್‌ಗಳು. ಕಪ್ಪುಬಿಳುಪಾದರೆ ಒಂದೊಂದಕ್ಕೂ 0ಯಿಂದ 255ರ ನಡುವಿನ ಒಂದು ಸಂಖ್ಯೆ. ಸೆಕೆಂಡಿಗೆ 30 ಚಿತ್ರ ಬಂದರೆ 92 ಲಕ್ಷ ಸಂಖ್ಯೆಗಳು. ಇಷ್ಟನ್ನೂ ಹಿಡಿದು ‘ಇಲ್ಲಿ ಹುಲಿಯಿದೆಯೇ’ ಎಂದು ಕೇಳುವ ಮೊದಲು ‘ಇಲ್ಲಿ ಏನಾದರೂ ಹೊಸತು ಬಂತೇ’ ಎಂದು ಕೇಳುವುದು ಜಾಣತನ.

ಅತಿ ಸರಳ ದಾರಿಯೆಂದರೆ ಹಿಂದಿನ ಚಿತ್ರವನ್ನು ಈಗಿನ ಚಿತ್ರದಿಂದ ಕಳೆಯುವುದು. ಆದರೆ ಮೋಡ ಕವಿದರೆ ಪ್ರತಿ ಪಿಕ್ಸೆಲ್ಲೂ ಬದಲಾಗುತ್ತದೆ, ಕೊಂಬೆ ಆಡಿದರೆ ಆ ಭಾಗವೆಲ್ಲ ಬದಲಾಗುತ್ತದೆ. 1999ರಲ್ಲಿ ಎಂಐಟಿಯ ಕ್ರಿಸ್ ಸ್ಟೌಫರ್ ಮತ್ತು ಎರಿಕ್ ಗ್ರಿಮ್ಸನ್ ಇದಕ್ಕೊಂದು ಪರಿಹಾರ ಕೊಟ್ಟರು. ಪ್ರತಿ ಪಿಕ್ಸೆಲ್ಲಿಗೂ ಒಂದೇ ಹಿನ್ನೆಲೆ ಇರಬೇಕಿಲ್ಲ. ಅಲ್ಲಾಡುವ ಎಲೆಯ ಜಾಗದಲ್ಲಿ ಒಮ್ಮೆ ಎಲೆ, ಒಮ್ಮೆ ಆಕಾಶ ಕಾಣುತ್ತದೆ. ಎರಡನ್ನೂ ‘ಮಾಮೂಲು’ ಎಂದು ನೆನಪಿಟ್ಟುಕೊಂಡರೆ ಎಲೆ ಆಡಿದ್ದಕ್ಕೆ ಬೆಚ್ಚಿಬೀಳಬೇಕಾಗಿಲ್ಲ. ಈ ವಿಧಾನ ಬಹಳ ಯಶಸ್ವಿಯಾಯಿತು. ಆದರೆ ಪಿಕ್ಸೆಲ್ಲಿಗೆ ಹಲವು ಸಂಖ್ಯೆಗಳ ನೆನಪು, ದಶಮಾಂಶದ ಗುಣಾಕಾರಗಳು ಬೇಕು. ಬಟನ್ ಸೆಲ್ಲಿನ ಮೇಲೆ ಬದುಕುವ ಚಿಪ್ಪಿಗೆ ಅದು ದುಬಾರಿ.

2004ರಲ್ಲಿ ಫ್ರಾನ್ಸಿನ ಆಂಟ್ವಾನ್ ಮಂಜನೇರಾ ಮತ್ತು ಜೂಲಿಯನ್ ರಿಶಫ್ಯು ಮಂಡಿಸಿದ ಸಿಗ್ಮಾ-ಡೆಲ್ಟಾ ವಿಧಾನ ಇದನ್ನು ಬೆರಗಾಗುವಷ್ಟು ಸರಳಗೊಳಿಸಿತು. ಪ್ರತಿ ಪಿಕ್ಸೆಲ್ಲಿಗೂ ಹಿನ್ನೆಲೆಯ ಒಂದು ಊಹೆಯ ಸಂಖ್ಯೆ ಇಟ್ಟುಕೊಳ್ಳಿ. ಹೊಸ ಚಿತ್ರದಲ್ಲಿ ಆ ಜಾಗದ ಬೆಲೆ ಊಹೆಗಿಂತ ಹೆಚ್ಚಿದ್ದರೆ ಊಹೆಗೆ ಒಂದು ಕೂಡಿ. ಕಡಿಮೆಯಿದ್ದರೆ ಒಂದು ಕಳೆಯಿರಿ. ಹಿನ್ನೆಲೆ ಕಲಿಯಲು ಬೇಕಾದದ್ದು ಇಷ್ಟೇ. ಬೆಳಕು ನಿಧಾನವಾಗಿ ಏರಿದರೆ ಊಹೆಯೂ ಅದರ ಹಿಂದೆಯೇ ಮೆಲ್ಲನೆ ಏರುತ್ತದೆ. ದಿಢೀರನೆ ಪ್ರಾಣಿ ಬಂದರೆ ಊಹೆ ಹಿಂದೆ ಬೀಳುತ್ತದೆ, ಆ ವ್ಯತ್ಯಾಸವೇ ಪತ್ತೆಯ ಸುಳಿವು. ಇನ್ನೊಂದು ಸಂಖ್ಯೆ ಆ ಪಿಕ್ಸೆಲ್ ಎಷ್ಟು ಅಲುಗುವ ಸ್ವಭಾವದ್ದು ಎಂಬುದನ್ನು ಹೀಗೇ ಒಂದೊಂದಾಗಿ ಏರಿಸಿ ಇಳಿಸಿ ಕಲಿಯುತ್ತದೆ. ಬಿದಿರಿನ ಮೆಳೆಯಿರುವ ಮೂಲೆಯಲ್ಲಿ ಎಚ್ಚರಿಕೆಯ ಹೊಸ್ತಿಲು ತಾನಾಗಿ ಎತ್ತರವಾಗುತ್ತದೆ. ಬಂಡೆಯಿರುವ ಮೂಲೆಯಲ್ಲಿ ತಗ್ಗಾಗಿ ಉಳಿಯುತ್ತದೆ.

ಇದಕ್ಕೂ ಒಂದು ಕುರುಡು ಜಾಗವಿದೆ. ಹಿನ್ನೆಲೆಗಿಂತ 100 ಅಂಕ ಕಪ್ಪಗಿರುವ ಆನೆಯೊಂದು ಬಂದು ಅಲ್ಲಾಡದೆ ನಿಂತಿತೆನ್ನಿ. ಒಂದೊಂದು ಚಿತ್ರಕ್ಕೂ ಊಹೆ ಒಂದು ಅಂಕ ಇಳಿಯುತ್ತದೆ. ಸೆಕೆಂಡಿಗೊಂದು ಚಿತ್ರವಾದರೆ ಎರಡು ನಿಮಿಷದೊಳಗೆ ಆನೆ ಹಿನ್ನೆಲೆಯ ಭಾಗವಾಗಿಬಿಡುತ್ತದೆ! ಬೇಗ ಕಲಿಯುವ ಅಲ್ಗಾರಿದಮ್ ನಿಂತದ್ದನ್ನು ಬೇಗ ಮರೆಯುತ್ತದೆ. ನಿಧಾನ ಕಲಿಯುವುದು ಮೋಡಕ್ಕೆಲ್ಲ ಗಾಬರಿಯಾಗುತ್ತದೆ. ಯಾವ ಕಾಡಿಗೆ ಯಾವ ವೇಗ ಎಂಬುದನ್ನು ಆ ಕಾಡು ಬಲ್ಲವರೇ ಹೇಳಬೇಕು.

ಮೂರನೆಯ ಮೆಟ್ಟಿಲು: ಬೇಗ ಕೈಬಿಡುವ ಕಲೆ

ಏನೋ ಬಂದಿದೆ ಎಂದಾಯಿತು. ಅದು ಏನು? ಈ ಪ್ರಶ್ನೆಯನ್ನು ದುರ್ಬಲ ಯಂತ್ರದ ಮೇಲೆ, ತಕ್ಷಣ, ಉತ್ತರಿಸಬಹುದು ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು 2001ರಲ್ಲಿ ಪಾಲ್ ವಯೋಲಾ ಮತ್ತು ಮೈಕಲ್ ಜೋನ್ಸ್ ಪ್ರಕಟಿಸಿದ ಮುಖ ಪತ್ತೆಯ ಅಲ್ಗಾರಿದಮ್. ಕ್ಯಾಮೆರಾ ಹಿಡಿದೊಡನೆ ಮುಖದ ಸುತ್ತ ಚೌಕ ಮೂಡುವುದನ್ನು ಇಂದು ನಾವು ಸಹಜವೆಂದು ಭಾವಿಸುತ್ತೇವೆ. ಅದರ ಹಿಂದೆ ಈ ಇಬ್ಬರ ಯೋಚನೆಯಿದೆ.

ಮುಖ ಚಿತ್ರದ ಯಾವ ಮೂಲೆಯಲ್ಲೂ ಇರಬಹುದು, ಯಾವ ಗಾತ್ರದಲ್ಲೂ ಇರಬಹುದು. ಆದ್ದರಿಂದ ಸಣ್ಣ ಚೌಕವನ್ನು ಚಿತ್ರದ ತುಂಬ ಸರಿಸುತ್ತ, ಗಾತ್ರ ಬದಲಿಸುತ್ತ, ಪ್ರತಿ ನಿಲುಗಡೆಯಲ್ಲೂ ‘ಇದು ಮುಖವೇ’ ಎಂದು ಕೇಳಬೇಕು. ಒಂದೇ ಚಿತ್ರದಲ್ಲಿ ಇಂಥ ನಿಲುಗಡೆಗಳು ಸಾವಿರಗಟ್ಟಲೆ. ಬಹುತೇಕ ಎಲ್ಲವೂ ಗೋಡೆ, ಬಟ್ಟೆ, ಆಕಾಶ.

ವಯೋಲಾ-ಜೋನ್ಸ್ ಕೇಳಿದ ಪ್ರಶ್ನೆಗಳು ಬಹಳ ಸರಳ. ಕಣ್ಣಿನ ಭಾಗ ಅದರ ಕೆಳಗಿನ ಕೆನ್ನೆಗಿಂತ ಕಪ್ಪಗಿದೆಯೇ? ಎರಡು ಕಣ್ಣಿನ ನಡುವಿನ ಮೂಗಿನ ಸೇತುವೆ ಅಕ್ಕಪಕ್ಕಕ್ಕಿಂತ ಬೆಳ್ಳಗಿದೆಯೇ? ಇದಕ್ಕೆ ಆಯತಗಳೊಳಗಿನ ಪಿಕ್ಸೆಲ್‌ಗಳನ್ನು ಕೂಡಿ ಹೋಲಿಸಬೇಕು. ಪ್ರತಿ ಸಲವೂ ಕೂಡುತ್ತ ಕೂತರೆ ಹೊತ್ತು ಹೋಗುತ್ತದೆ. ಅದಕ್ಕಾಗಿ ಅವರು ಚಿತ್ರವನ್ನು ಒಂದೇ ಸಲ ಮೊದಲಿಂದ ಕೊನೆಯವರೆಗೆ ಓದಿ, ಪ್ರತಿ ಬಿಂದುವಿನಲ್ಲೂ ಅದರ ಮೇಲೆ ಮತ್ತು ಎಡಕ್ಕಿರುವ ಎಲ್ಲ ಪಿಕ್ಸೆಲ್‌ಗಳ ಮೊತ್ತವನ್ನು ಬರೆದಿಟ್ಟುಕೊಂಡರು. ಆಮೇಲೆ ಯಾವ ಆಯತದ ಮೊತ್ತ ಬೇಕಾದರೂ ನಾಲ್ಕು ಮೂಲೆಗಳ ಸಂಖ್ಯೆಯನ್ನು ಕೂಡಿ ಕಳೆದರೆ ಸಿಕ್ಕಿಬಿಡುತ್ತದೆ. ಆಯತ ಸಣ್ಣದಾಗಲಿ ದೊಡ್ಡದಾಗಲಿ, ಖರ್ಚು ಒಂದೇ.

ಆದರೆ ನಿಜವಾದ ಗೆಲುವು ಪ್ರಶ್ನೆಗಳ ಸರದಿಯಲ್ಲಿತ್ತು. ಅವರ ಪತ್ತೆಕಾರನಲ್ಲಿ 38 ಹಂತಗಳು, ಒಟ್ಟು 6,061 ಪ್ರಶ್ನೆಗಳು. ಮೊದಲ ಹಂತದಲ್ಲಿ ಇದ್ದದ್ದು ಒಂದೆರಡೇ ಪ್ರಶ್ನೆ. ಅಷ್ಟರಿಂದಲೇ ಮುಖವಲ್ಲದ ಚೌಕಗಳಲ್ಲಿ ಬಹಳಷ್ಟು ಹೊರಬೀಳುತ್ತಿದ್ದವು. ನಿಜವಾದ ಮುಖಗಳು ಬಹುತೇಕ ಎಲ್ಲವೂ ಉಳಿಯುತ್ತಿದ್ದವು. ಪಾರಾದವಕ್ಕೆ ಮಾತ್ರ ಮುಂದಿನ ಹಂತ, ಅಲ್ಲಿ ಇನ್ನಷ್ಟು ಕಠಿಣ ಪ್ರಶ್ನೆ. ಎಲ್ಲಿ ‘ಇಲ್ಲ’ ಎಂದಾಯಿತೋ ಅಲ್ಲಿಗೇ ಆ ಚೌಕದ ಕಥೆ ಮುಗಿಯಿತು. ಹೀಗಾಗಿ 6,061 ಪ್ರಶ್ನೆಗಳಿದ್ದರೂ ಒಂದು ಚೌಕಕ್ಕೆ ಸರಾಸರಿ ಕೇಳಬೇಕಾಗಿದ್ದು ಹತ್ತು. 700 ಮೆಗಾಹರ್ಟ್ಸ್‌ನ ಪೆಂಟಿಯಂ 3 ಯಂತ್ರದ ಮೇಲೆ ಅದು ಸೆಕೆಂಡಿಗೆ 15 ಚಿತ್ರ ನೋಡುತ್ತಿತ್ತು. ದಶಮಾಂಶ ಲೆಕ್ಕದ ಯಂತ್ರಾಂಶವೇ ಇಲ್ಲದ, ಅಂಗೈಯಗಲದ ಕಾಂಪ್ಯಾಕ್ ಐಪ್ಯಾಕ್ ಮೇಲೂ ಸೆಕೆಂಡಿಗೆ ಎರಡು ಚಿತ್ರ ನೋಡಿತು.

ಈ ಪ್ರಬಂಧದ ಮುಖ್ಯ ಪಾಠ ಇಂದಿಗೂ ಹಳತಾಗಿಲ್ಲ ಎಂದೇ ನನ್ನ ನಂಬಿಕೆ. ಮೊದಲ ಹಂತ ತಪ್ಪಾಗಿ ‘ಇರಬಹುದು’ ಎಂದರೆ ಮುಂದಿನವರು ತಿದ್ದುತ್ತಾರೆ. ತಪ್ಪಾಗಿ ‘ಇಲ್ಲ’ ಎಂದರೆ ತಿದ್ದುವವರೇ ಇಲ್ಲ. ಆದ್ದರಿಂದ ಮೆಟ್ಟಿಲು ಕೆಳಗಿದ್ದಷ್ಟೂ ಅದು ಉದಾರವಾಗಿರಬೇಕು, ಮೇಲಿದ್ದಷ್ಟೂ ಕಟ್ಟುನಿಟ್ಟಾಗಿರಬೇಕು.

ನಾಲ್ಕನೆಯ ಮೆಟ್ಟಿಲು: ನ್ಯೂರಲ್ ನೆಟ್‌ವರ್ಕನ್ನು ಕುಗ್ಗಿಸುವುದು

ಮುಖಕ್ಕೆ ಕಣ್ಣು, ಮೂಗು, ಕೆನ್ನೆಯ ನಿಶ್ಚಿತ ವಿನ್ಯಾಸವಿದೆ. ಪೊದೆಯ ಹಿಂದೆ ಅರ್ಧ ಮರೆಯಾದ, ಬೆನ್ನು ತಿರುಗಿಸಿದ ಹುಲಿಗೆ ಅಂಥದ್ದಿಲ್ಲ. ಇಂಥ ಕಡೆ ಉದಾಹರಣೆಗಳಿಂದ ತಾನೇ ಕಲಿಯುವ ನ್ಯೂರಲ್ ನೆಟ್‌ವರ್ಕ್ ಬೇಕು. ಅದರ ಹೊಟ್ಟೆ ದೊಡ್ಡದು: ಕೋಟ್ಯಂತರ ಗುಣಾಕಾರ, ಮೆಗಾಬೈಟುಗಟ್ಟಲೆ ಮೆಮೊರಿ. ಕ್ಯಾಮೆರಾದೊಳಗಿನ ಮೈಕ್ರೋಕಂಟ್ರೋಲರಿನಲ್ಲಿ ಸಿಗುವುದು ಕೆಲವು ನೂರು ಕಿಲೋಬೈಟ್.

ಎಲ್ಲಿ ಉಳಿಸಬಹುದು ಎಂದು ತಿಳಿಯಲು ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಮುಂದಿಟ್ಟ ಅಂಕಿಗಳನ್ನು ನೋಡಬೇಕು. ಅವು 45 ನ್ಯಾನೋಮೀಟರ್ ತಂತ್ರಜ್ಞಾನದ ಚಿಪ್ಪಿಗೆ ಸಂಬಂಧಿಸಿದವು. ಎಂಟು ಬಿಟ್ಟಿನ ಎರಡು ಪೂರ್ಣಾಂಕ ಗುಣಿಸಲು 0.2 ಪಿಕೋಜೂಲ್. 32 ಬಿಟ್ಟಿನ ಎರಡು ದಶಮಾಂಶ ಸಂಖ್ಯೆ ಗುಣಿಸಲು 3.7 ಪಿಕೋಜೂಲ್. ಚಿಪ್ಪಿನ ಹೊರಗಿರುವ ಡಿರ್‍ಯಾಮ್ ಮೆಮೊರಿಯಿಂದ 32 ಬಿಟ್ಟಿನ ಒಂದು ಸಂಖ್ಯೆ ತರಲು ಸುಮಾರು 640 ಪಿಕೋಜೂಲ್! ಲೆಕ್ಕಕ್ಕಿಂತ ಲೆಕ್ಕದ ಸಾಮಾನು ಹೊತ್ತು ತರುವುದೇ ನೂರಾರು ಪಟ್ಟು ದುಬಾರಿ. ಇದರಿಂದ ಎರಡು ಸೂತ್ರಗಳು ಹೊರಡುತ್ತವೆ. ಸಂಖ್ಯೆಗಳನ್ನು ಮೊಟಕುಗೊಳಿಸಿ. ಎಲ್ಲವನ್ನೂ ಚಿಪ್ಪಿನ ಒಳಗೇ ಇಡಿ.

ಮೊದಲ ಸೂತ್ರದ ಫಲವಾಗಿ ತರಬೇತಿಯ ಹೊತ್ತಿನಲ್ಲಿ 32 ಬಿಟ್ಟಿನಲ್ಲಿದ್ದ ತೂಕಗಳನ್ನು (ನೆಟ್‌ವರ್ಕ್ ಕಲಿತ ಸಂಖ್ಯೆಗಳನ್ನು) ಸಾಧನಕ್ಕೆ ತುಂಬುವಾಗ ಎಂಟು ಬಿಟ್ಟಿಗೆ ಇಳಿಸುತ್ತಾರೆ. ಮಾದರಿ ನಾಲ್ಕನೇ ಒಂದು ಪಾಲಿಗೆ ಕುಗ್ಗುತ್ತದೆ, ನಿಖರತೆ ಸಾಮಾನ್ಯವಾಗಿ ಅಲ್ಪವೇ ತಗ್ಗುತ್ತದೆ. 2017ರಲ್ಲಿ ಗೂಗಲ್‌ನ ಸಂಶೋಧಕರು ಪ್ರಕಟಿಸಿದ ಮೊಬೈಲ್‌ನೆಟ್ ಗುಣಾಕಾರಗಳನ್ನೇ ಕಡಿತಗೊಳಿಸಿತು. ಸಾಮಾನ್ಯ ನೆಟ್‌ವರ್ಕಿನಲ್ಲಿ ಒಂದೇ ಲೆಕ್ಕ ಎರಡು ಕೆಲಸ ಮಾಡುತ್ತದೆ: ಪಕ್ಕದ ಪಿಕ್ಸೆಲ್‌ಗಳನ್ನು ಬೆಸೆಯುವುದು, ಬೇರೆ ಬೇರೆ ಲಕ್ಷಣಗಳ (ಚಾನೆಲ್‌ಗಳ) ಮಾಹಿತಿಯನ್ನು ಬೆಸೆಯುವುದು. ಮೊಬೈಲ್‌ನೆಟ್ ಎರಡನ್ನೂ ಬಿಡಿಸಿ ಒಂದಾದ ಮೇಲೊಂದು ಮಾಡಿತು. ಅಷ್ಟರಿಂದಲೇ ಲೆಕ್ಕ ಎಂಟರಿಂದ ಒಂಬತ್ತು ಪಟ್ಟು ಇಳಿಯಿತು.

ಎರಡು ವರ್ಷದ ಮೇಲೆ ಗೂಗಲ್‌ನವರೇ ಒಂದು ಸರಳ ಸವಾಲನ್ನು ಮುಂದಿಟ್ಟರು. ಚಿತ್ರದಲ್ಲಿ ಮನುಷ್ಯ ಇದ್ದಾನೆಯೇ ಇಲ್ಲವೇ ಎಂದಷ್ಟೇ ಹೇಳಿ. ಆದರೆ 250 ಕಿಲೋಬೈಟಿನೊಳಗೆ ಹೇಳಿ. ಇಂಥ ಕೆಲಸಕ್ಕೆ 96 ಅಗಲ, 96 ಎತ್ತರದ ಕಪ್ಪುಬಿಳುಪು ಚಿತ್ರವೂ ಸಾಕಾಗುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಅದರಲ್ಲಿರುವುದು 9,216 ಪಿಕ್ಸೆಲ್ ಮಾತ್ರ. 2020ರಲ್ಲಿ ಎಂಐಟಿಯ ಸಾಂಗ್ ಹಾನ್ ಅವರ ತಂಡ ಎಂಸಿಯುನೆಟ್ ಎಂಬ ಮಾದರಿಯಿಂದ, ಅಂಗಡಿಯಲ್ಲಿ ಸಿಗುವ ಮೈಕ್ರೋಕಂಟ್ರೋಲರ್ ಮೇಲೆಯೇ ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹದ ಸಾವಿರ ಬಗೆಯ ವಸ್ತುಗಳನ್ನು 70 ಶೇಕಡಾಕ್ಕಿಂತ ಹೆಚ್ಚು ನಿಖರತೆಯಿಂದ ಗುರುತಿಸಿತು.

ಈ ಕಥೆಯಲ್ಲಿ ಬೆಂಗಳೂರಿಗೂ ನಿಜವಾದ ಪಾಲಿದೆ. ಅಲ್ಲಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಆಶೀಷ್ ಕುಮಾರ್, ಸೌರಭ್ ಗೋಯಲ್, ಮಣಿಕ್ ವರ್ಮಾ 2017ರಲ್ಲಿ ಬೋನ್ಸಾಯ್ ಎಂಬ ಅಲ್ಗಾರಿದಮ್ ಪ್ರಕಟಿಸಿದರು. ಅವರು ಆರಿಸಿಕೊಂಡ ಯಂತ್ರ ಆರ್ಡುಯಿನೋ ಊನೋ: ಎಂಟು ಬಿಟ್ಟಿನ ಪ್ರೊಸೆಸರ್, 16 ಮೆಗಾಹರ್ಟ್ಸ್ ವೇಗ, 2 ಕಿಲೋಬೈಟ್ ರ್‍ಯಾಮ್. ನಮ್ಮ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಪ್ರಾಜೆಕ್ಟಿಗೆ ಕೊಳ್ಳುವ ಬೋರ್ಡೇ ಅದು. ಕಾಡುಮರವನ್ನು ಕುಂಡದಲ್ಲಿ ಬೆಳೆಸುವ ಕಲೆಯ ಹೆಸರು ಹೊತ್ತ ಈ ವಿಧಾನ, ದೊಡ್ಡ ತೀರ್ಮಾನವೃಕ್ಷಗಳ ಕಾಡಿನ ಬದಲು ಒಂದೇ ಒಂದು ಕುಳ್ಳ ವೃಕ್ಷವನ್ನು ಇಟ್ಟುಕೊಳ್ಳುತ್ತದೆ. ಬಂದ ಮಾಹಿತಿಯನ್ನು ಮೊದಲು ಕೆಲವೇ ಸಂಖ್ಯೆಗಳಿಗೆ ಅಡಕಗೊಳಿಸಿ, ದಾರಿಯುದ್ದಕ್ಕೂ ಪ್ರತಿ ಕವಲಿನಲ್ಲೂ ಸ್ವಲ್ಪ ಸ್ವಲ್ಪ ಉತ್ತರ ಕೂಡಿಸಿಕೊಳ್ಳುತ್ತ ಹೋಗುತ್ತದೆ. 2020ರಲ್ಲಿ ಅದೇ ಸಂಸ್ಥೆಯ ಸಂಶೋಧಕರು ಆರ್‌ಎನ್‌ಎನ್‌ಪೂಲ್ ಎಂಬ ವಿಧಾನದಿಂದ 256 ಕಿಲೋಬೈಟಿಗಿಂತ ಕಡಿಮೆ ರ್‍ಯಾಮ್ ಇರುವ ಚಿಪ್ಪಿನ ಮೇಲೆ ಮುಖ ಪತ್ತೆ ಮಾಡಿ ತೋರಿಸಿದರು. ಚಿತ್ರದ ತುಣುಕುಗಳನ್ನು ಸಾಲು ಸಾಲಾಗಿ, ಕಂಬ ಕಂಬವಾಗಿ ಓದಿ ಸಾರಾಂಶ ಬರೆದುಕೊಂಡು, ಮೆಮೊರಿಯನ್ನು ನುಂಗುವ ಆರಂಭದ ಪದರಗಳನ್ನೇ ಅದು ದಾಟಿಬಿಡುತ್ತದೆ.

ಬದಲಾವಣೆಯನ್ನಷ್ಟೇ ನೋಡುವ ಕಣ್ಣು

ಇಲ್ಲಿಯವರೆಗೆ ಕ್ಯಾಮೆರಾ ಚಿತ್ರ ಕೊಟ್ಟಿತು, ಅಲ್ಗಾರಿದಮ್ ಅದರಿಂದ ‘ಏನೂ ಇಲ್ಲ’ವನ್ನು ಸೋಸಿತು. ಕಣ್ಣೇ ಸೋಸಿ ಕೊಟ್ಟರೆ? ಕ್ಯಾಲ್‌ಟೆಕ್‌ನಲ್ಲಿ ಮಿಶಾ ಮಹೋವಾಲ್ಡ್ ಮತ್ತು ಕಾರ್ವರ್ ಮೀಡ್ 1991ರ ಹೊತ್ತಿಗೆ ಪ್ರಾಣಿಗಳ ಅಕ್ಷಿಪಟಲವನ್ನು ಮಾದರಿಯಾಗಿಟ್ಟುಕೊಂಡು ಸಿಲಿಕಾನ್ ರೆಟಿನಾ ರೂಪಿಸಿದ್ದರು. ಆ ದಾರಿಯಲ್ಲಿ ಮುಂದೆ ಹೋಗಿ ಪ್ಯಾಟ್ರಿಕ್ ಲಿಕ್ಟ್‌ಸ್ಟೈನರ್, ಕ್ರಿಸ್ಟೋಫ್ ಪೋಶ್, ಟೋಬಿ ಡೆಲ್‌ಬ್ರುಕ್ 2008ರಲ್ಲಿ ವಿವರಿಸಿದ ಕ್ಯಾಮೆರಾದಲ್ಲಿ ಒಂದಾದ ಮೇಲೊಂದು ಬರುವ ಇಡೀ ಚಿತ್ರಗಳು (ಫ್ರೇಮ್‌ಗಳು) ಎಂಬುದೇ ಇಲ್ಲ. ಅದರ 128×128 ಪಿಕ್ಸೆಲ್‌ಗಳಲ್ಲಿ ಒಂದೊಂದೂ ಸ್ವತಂತ್ರ. ತನ್ನ ಮೇಲೆ ಬಿದ್ದ ಬೆಳಕು ಒಂದು ಪ್ರಮಾಣದಷ್ಟು ಏರಿದಾಗ ಅಥವಾ ಇಳಿದಾಗ ಮಾತ್ರ ಅದು ‘ಏರಿತು’, ‘ಇಳಿಯಿತು’ ಎಂದು ವರದಿ ಮಾಡುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಪ್ರತಿಕ್ರಿಯೆಗೆ ಬೇಕಾದ ಕಾಲ 15 ಮೈಕ್ರೋಸೆಕೆಂಡಿನಷ್ಟು ಕಡಿಮೆ, ಚಿಪ್ಪಿನ ವಿದ್ಯುತ್ ಬಳಕೆ 23 ಮಿಲಿವ್ಯಾಟ್. ಎದುರಿನ ದೃಶ್ಯ ನಿಶ್ಚಲವಾಗಿದ್ದರೆ ಮುಂದಿನ ಪ್ರೊಸೆಸರಿಗೆ ಕೆಲಸವೇ ಬರುವುದಿಲ್ಲ. ಗಾಳಿಗೆ ಇಡೀ ಕಾಡು ತೂಗಿದಾಗ ಮಾತ್ರ ಇಂಥ ಕ್ಯಾಮೆರಾ ವರದಿಗಳ ಮಳೆ ಸುರಿಸುತ್ತದೆ. ಅಲ್ಲಿ ಮತ್ತೆ ಎರಡನೆಯ ಮೆಟ್ಟಿಲಿನ ಪ್ರಶ್ನೆಗಳೇ ಎದುರಾಗುತ್ತವೆ.

ಒಂದು ಶೇಕಡಾ ತಪ್ಪು ಎಂದರೆ ಎಷ್ಟು?

‘99 ಶೇಕಡಾ ನಿಖರ’ ಎಂಬ ಮಾತು ಕೇಳಲು ಚೆಂದ. ಸೆಕೆಂಡಿಗೊಂದು ಚಿತ್ರ ನೋಡುವ ಸಾಧನ ದಿನಕ್ಕೆ 86,400 ಚಿತ್ರ ನೋಡುತ್ತದೆ. ಖಾಲಿ ಚಿತ್ರದ ವಿಷಯದಲ್ಲಿ ಅದು ನೂರಕ್ಕೊಮ್ಮೆ ತಪ್ಪಿದರೆ ದಿನಕ್ಕೆ 864 ಸುಳ್ಳು ಎಚ್ಚರಿಕೆ. ಆ ದಾರಿಯಲ್ಲಿ ಹುಲಿ ವಾರಕ್ಕೊಮ್ಮೆ ಹಾದುಹೋಗುತ್ತದೆ ಎಂದಿಟ್ಟುಕೊಂಡರೆ, ಒಂದು ನಿಜಕ್ಕೆ 6,000 ಸುಳ್ಳು. ಎರಡನೆಯ ದಿನವೇ ಎಚ್ಚರಿಕೆ ಪಡೆಯುವ ಅರಣ್ಯದ ಗಾರ್ಡ್ ಫೋನಿನ ಸದ್ದು ಬಂದ್ ಮಾಡುತ್ತಾನೆ. ಅಲ್ಲಿಗೆ ಇಡೀ ವ್ಯವಸ್ಥೆ, ಅದರ ಒಳಗಿನ ಗಣಿತ ಎಷ್ಟೇ ಸೊಗಸಾಗಿರಲಿ, ಸತ್ತಂತೆಯೇ.

ನೂರಕ್ಕೊಮ್ಮೆ ತಪ್ಪುವ ಎರಡು ಮೆಟ್ಟಿಲುಗಳನ್ನು ಒಂದರ ಮೇಲೊಂದಿಟ್ಟರೆ ತಪ್ಪು ಹತ್ತು ಸಾವಿರಕ್ಕೊಂದಾಗಬೇಕು, ದಿನಕ್ಕೆ ಒಂಬತ್ತಕ್ಕಿಳಿಯಬೇಕು. ಆದರೆ ಆ ಗುಣಾಕಾರ ಸರಿಯಾಗುವುದು ಇಬ್ಬರ ತಪ್ಪುಗಳೂ ಬೇರೆ ಬೇರೆ ಕಾರಣಕ್ಕೆ ಆದಾಗ ಮಾತ್ರ. ತೂಗುವ ಒಂದೇ ಕೊಂಬೆ ಇಬ್ಬರನ್ನೂ ಮೋಸಗೊಳಿಸಿದರೆ ಎರಡನೆಯವನಿಂದ ಲಾಭವಿಲ್ಲ. ಶಾಖ ನೋಡುವ ಪಿಐಆರ್, ಚಲನೆ ನೋಡುವ ಹಿನ್ನೆಲೆ ಲೆಕ್ಕ, ಆಕಾರ ನೋಡುವ ನೆಟ್‌ವರ್ಕ್, ಇವು ಒಟ್ಟಿಗೆ ಗೆಲ್ಲುವುದು ಅವು ಲೋಕವನ್ನು ಬೇರೆ ಬೇರೆ ಬಗೆಯಲ್ಲಿ ನೋಡುವುದರಿಂದ.

‘ತಕ್ಷಣ’ ಎಂಬುದಕ್ಕೂ ಒಂದೇ ಅಳತೆಯಿಲ್ಲ. ಮಧ್ಯಪ್ರದೇಶದ ಕಾನ್ಹಾ-ಪೆಂಚ್ ಕಾರಿಡಾರಿನಲ್ಲಿ ಟ್ರೈಲ್‌ಗಾರ್ಡ್ ಎಂಬ ಕ್ಯಾಮೆರಾಗಳನ್ನು ಇಟ್ಟು ನಡೆಸಿದ ಪ್ರಯೋಗದ ವರದಿ 2023ರಲ್ಲಿ ಪ್ರಕಟವಾಯಿತು. ಅವು ಚಿತ್ರ ತೆಗೆದು, ಹುಲಿಯೇ ಎಂದು ತಾವೇ ತೀರ್ಮಾನಿಸಿ, ಮೊಬೈಲ್ ನೆಟ್‌ವರ್ಕಿನ ಮೂಲಕ 30 ಸೆಕೆಂಡಿನೊಳಗೆ ಅಧಿಕಾರಿಗಳ ಫೋನಿಗೆ ಕಳಿಸಿದವು. ಊರಿನತ್ತ ನಡೆಯುವ ಹುಲಿಯ ವಿಷಯದಲ್ಲಿ ಅರ್ಧ ನಿಮಿಷ ಧಾರಾಳ. ಗಂಟೆಗೆ 60 ಕಿಲೋಮೀಟರ್ ವೇಗದ ರೈಲು ಅದೇ ಅರ್ಧ ನಿಮಿಷದಲ್ಲಿ 500 ಮೀಟರ್ ಬಂದಿರುತ್ತದೆ. ಯಾವ ಅಪಾಯ, ಎಷ್ಟು ದೂರ, ಯಾರು ಎಷ್ಟು ಬೇಗ ತಲುಪಬಲ್ಲರು ಎಂಬುದರಿಂದ ಗಡುವು ಹುಟ್ಟುತ್ತದೆ. ಆ ಗಡುವಿನೊಳಗೆ ಖಚಿತವಾಗಿ ಮುಗಿಸುವುದೇ ತತ್‌ಕ್ಷಣದ ಪತ್ತೆ.

ಹೊಸ್ತಿಲನ್ನು ಯಾರು ಇಡಬೇಕು?

ಪ್ರತಿ ಮೆಟ್ಟಿಲಲ್ಲೂ ಒಂದು ಹೊಸ್ತಿಲಿದೆ: ಇಷ್ಟಕ್ಕಿಂತ ಹೆಚ್ಚು ಅನುಮಾನವಿದ್ದರೆ ಎಚ್ಚರಿಸು, ಇಲ್ಲದಿದ್ದರೆ ಬಿಟ್ಟುಬಿಡು. ಗಣಿತ ಆ ಹೊಸ್ತಿಲಿನ ಪರಿಣಾಮ ಹೇಳಬಲ್ಲದು, ಎತ್ತರ ಹೇಳಲಾರದು. ತಗ್ಗಿಸಿದರೆ ಸುಳ್ಳು ಎಚ್ಚರಿಕೆ, ಎತ್ತರಿಸಿದರೆ ಕಾಣದೆ ಹೋದ ಹುಲಿ. ಎರಡರ ಬೆಲೆಯನ್ನೂ ತೆರುವವರು ಕಾಡಂಚಿನ ಜನ, ಕಾಡಿನ ಸಿಬ್ಬಂದಿ ಮತ್ತು ಪ್ರಾಣಿ.

ಇನ್ನೊಂದು ಬೆಲೆಯೂ ಇದೆ. ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕೇಂಬ್ರಿಜ್‌ನ ತ್ರಿಶಾಂತ್ ಸಿಮ್ಲಾಯಿ ನಡೆಸಿ 2024ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಬಯಲಿಗಿಟ್ಟಿತು. ಪ್ರಾಣಿಗಳಿಗಾಗಿ ಇಟ್ಟ ಕ್ಯಾಮೆರಾಗಳು ಸೌದೆ, ಸೊಪ್ಪಿಗೆ ಕಾಡಿಗೆ ಬರುವ ಹೆಂಗಸರ ಮೇಲಿನ ಕಣ್ಣಾಗಿದ್ದವು. ಒಬ್ಬ ಹೆಣ್ಣುಮಗಳ ಚಿತ್ರ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿತ್ತು. ಕ್ಯಾಮೆರಾ ನೋಡುತ್ತಿದೆಯೆಂಬ ಅಂಜಿಕೆಯಿಂದ ಹೆಂಗಸರು ಎಂದಿನಂತೆ ಜೋರಾಗಿ ಮಾತಾಡುತ್ತ, ಹಾಡುತ್ತ ನಡೆಯುವುದನ್ನೇ ಬಿಟ್ಟರು. ಆನೆ, ಹುಲಿಗಳನ್ನು ದೂರವಿಡುತ್ತಿದ್ದದ್ದು ಅದೇ ಸದ್ದು. ಕಾಪಾಡಲು ಇಟ್ಟ ಯಂತ್ರ ಅಪಾಯವನ್ನೇ ಹತ್ತಿರ ತಂದಿತು.

ಸಾಧನದೊಳಗೇ ತೀರ್ಮಾನಿಸುವ ಅಲ್ಗಾರಿದಮ್ ಇದಕ್ಕೊಂದು ಮದ್ದು ಕೊಡಬಲ್ಲದು. ಚಿತ್ರ ಎಲ್ಲಿಗೂ ಹೋಗಬೇಕಾಗಿಲ್ಲ. ‘ಹುಲಿ’ ಎಂಬ ಒಂದು ಮಾತು ಹೋದರೆ ಸಾಕು. ಮನುಷ್ಯರೆಂದು ಕಂಡ ಚಿತ್ರವನ್ನು ಚಿಪ್ಪಿನೊಳಗೇ, ಯಾರೂ ನೋಡುವ ಮೊದಲೇ, ಅಳಿಸಿಬಿಡಬಹುದು. ಆದರೆ ಅದೇ ಅಲ್ಗಾರಿದಮ್ಮಿಗೆ ಮನುಷ್ಯರ ಚಿತ್ರಗಳನ್ನೇ ಆಯ್ದು ಕಳಿಸು ಎಂದೂ ಹೇಳಬಹುದು. ಕಳ್ಳಬೇಟೆ ತಡೆಯಲು ಹಾಗೆ ಹೇಳಬೇಕಾದ ಜಾಗಗಳೂ ಇವೆ. ಎರಡರ ನಡುವಿನ ವ್ಯತ್ಯಾಸ ಪ್ರೋಗ್ರಾಮಿನಲ್ಲಿ ಒಂದು ಸಾಲು.

ಆ ಸಾಲನ್ನು ಪ್ರಯೋಗಾಲಯದಲ್ಲಿ ಕುಳಿತವರೊಬ್ಬರೇ ಬರೆಯಕೂಡದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಶಕ್ತಿಯ ಲೆಕ್ಕ, ಮೆಮೊರಿಯ ಲೆಕ್ಕ ಎಂಜಿನಿಯರರದ್ದು. ಯಾವುದನ್ನು ನೋಡಬೇಕು, ಯಾವುದನ್ನು ನೋಡಿಯೂ ಬಿಟ್ಟುಬಿಡಬೇಕು, ಎಷ್ಟು ಸುಳ್ಳು ಎಚ್ಚರಿಕೆ ಸಹಿಸಬಹುದು ಎಂಬುದು ಆ ದಾರಿಯಲ್ಲಿ ದಿನವೂ ನಡೆಯುವವರನ್ನು ಕೂರಿಸಿಕೊಂಡು ಮಾಡಬೇಕಾದ ತೀರ್ಮಾನ. ಎರಡು ಕಿಲೋಬೈಟಿನಲ್ಲಿ ಬುದ್ಧಿಯನ್ನು ಅಡಗಿಸುವಷ್ಟು ಜಾಣರಾಗಿರುವ ನಮಗೆ, ಕ್ಯಾಮೆರಾ ಕಟ್ಟುವ ಮೊದಲು ಆ ಊರಿನಲ್ಲೊಂದು ಸಭೆ ಸೇರಿಸುವುದು ಕಷ್ಟವಾಗಬಾರದು.